ಹಿಟ್ಲರ್ ಎಂಬ ಮುದ್ದಿನ ಹೆಸರು

ಹೆಬ್ಬೆಯ ಜಲಪಾತಕ್ಕೆ ಹೋಗುವ ಜೀಪಿನಲ್ಲಿ ಕುಳಿತು ಹಿಟ್ಲರನ ವಿಷಯಕ್ಕೆ ಜಗಳವಾಡಿದ ಹೆಂಗಸು ನಾನೊಬ್ಬಳೇ ಇರಬೇಕು. ಆ ದಾರಿ ಕಂಡವರಿಗೆ ಗೊತ್ತು, ಅಲ್ಲಿ ಜಗಳವಾಡುವುದಿರಲಿ, ಮಾತಾಡಲು ಹೋದರೇ ನಾಲಿಗೆ ಕಚ್ಚಿಕೊಳ್ಳುತ್ತದೆ. ಕೆಮ್ಮಣ್ಣುಗುಂಡಿಯಿಂದ ಇಳಿಯುವ ಕಲ್ಲುಹಾದಿಯಲ್ಲಿ ಜೀಪು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ, ಮೊರದಲ್ಲಿ ಅಕ್ಕಿ ಕೇರಿದಂತೆ ನಮ್ಮನ್ನು ಕೇರುತ್ತಿತ್ತು. ನಾವು ತರೀಕೆರೆಯ ಎಂಟು ಜನ ಹೆಂಗಸರು. ವರ್ಷಕ್ಕೊಮ್ಮೆ ಗಂಡ, ಮಕ್ಕಳು, ಒಲೆ ಎಲ್ಲವನ್ನೂ ಒಂದು ದಿನದ ಮಟ್ಟಿಗೆ ಬಿಟ್ಟು ಹೊರಡುವ ನಮ್ಮದೊಂದು ಗುಂಪಿದೆ. ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಇಂಬಳ ಹತ್ತಿದರೆ ಬಿಡಿಸಲು ಉಪ್ಪಿನ ಗಂಟು. ಇಷ್ಟೆಲ್ಲ ತಯಾರಿಯ ನಡುವೆ ಒಬ್ಬಾಕೆ ಗಂಡನಿಗೆ ಫೋನು ಮಾಡಿ, ಸಿಗ್ನಲ್ ಸಿಗದೆ, ಮೊಬೈಲನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಹೇಳಿದರು:

“ಇವತ್ತು ಮನೆಗೆ ಹೋದಮೇಲೆ ನಂಗಿದೆ. ನಮ್ಮನೆಯವರು ಹಿಟ್ಲರ್ ಕಣ್ರೀ. ಏಳು ಗಂಟೆಗೆ ತಿಂಡಿ ಟೇಬಲ್ ಮೇಲೆ ಇಲ್ಲ ಅಂದ್ರೆ ಮುಗೀತು.”

“ನಿಮ್ಮೋರು ಪರವಾಗಿಲ್ಲ ಬಿಡಿ, ನಮ್ಮತ್ತೆ ಹಿಟ್ಲರನ ಅಜ್ಜಿ” ಎಂದರು ಇನ್ನೊಬ್ಬರು. ಎಲ್ಲರೂ ನಕ್ಕೆವು. ಸುಳ್ಳೇಕೆ, ನಾನೂ ನಕ್ಕೆ. ಆಗ ಮುಂದಿನ ಸೀಟಿನಲ್ಲಿದ್ದವರು, ನಮ್ಮೊಳಗೆ ಹೆಚ್ಚು ಓದಿದವರು, ಹಿಂದಕ್ಕೆ ತಿರುಗಿ, “ಏನೇ ಹೇಳಿ, ಈ ದೇಶಾನ ಸರಿ ಮಾಡೋಕೆ ಒಬ್ಬ ಹಿಟ್ಲರೇ ಬರಬೇಕು” ಎಂದುಬಿಟ್ಟರು.

ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. “ಬರಲಿ. ಬಂದರೆ ಮೊದಲು ಯಾರನ್ನು ಕರೆದುಕೊಂಡು ಹೋಗಬೇಕು ಹೇಳಿ. ಈ ಜೀಪಿನಲ್ಲಿರುವ ಎಂಟು ಜನರಲ್ಲಿ ಒಂದು ಪಟ್ಟಿ ಮಾಡಿಬಿಡೋಣ” ಎಂದೆ. ನಗು ನಿಂತಿತು. ಆಮೇಲೆ ಮಾತಿಗೆ ಮಾತು ಬೆಳೆಯಿತು. ಡ್ರೈವರ್ ಹುಡುಗ ಕನ್ನಡಿಯಲ್ಲಿ ನಮ್ಮನ್ನು ನೋಡಿ ನೋಡಿ ಗುಂಡಿಯೊಂದನ್ನು ತಪ್ಪಿಸಲು ಮರೆತ. ಕೊನೆಗೆ ಅವರು, “ಅಯ್ಯೋ, ಮಾತಿಗಂದೆ ಕಣಕ್ಕ. ಎಲ್ಲೋ ಜರ್ಮನೀದು, ಯಾವ ಕಾಲದ್ದೋ. ಅದಕ್ಕೂ ನಮಗೂ ಏನು?” ಎಂದು ಮುಖ ತಿರುಗಿಸಿಕೊಂಡರು.

ಆ ಕುಲುಕಾಟದಲ್ಲಿ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವರೂ ಓದುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಶಾಲೆಯಲ್ಲಿ ನಮಗೆ ಲೆಕ್ಕ ಕಲಿಸುತ್ತಿದ್ದ ಮೇಷ್ಟರಿಗೆ ಹಿಟ್ಲರ್ ಎಂದು ಹೆಸರಿಟ್ಟವಳು ನಾನೇ. ಮದುವೆಯಾಗಿ ಬಂದ ಹೊಸದರಲ್ಲಿ ಅಕ್ಕನಿಗೆ ಬರೆದ ಕಾಗದಗಳಲ್ಲಿ ನಮ್ಮ ಅತ್ತೆಗೂ ಅದೇ ಹೆಸರು. 2021ರಲ್ಲಿ ಟೀವಿಯಲ್ಲಿ ‘ಹಿಟ್ಲರ್ ಕಲ್ಯಾಣ’ ಎಂಬ ಧಾರಾವಾಹಿ ಶುರುವಾದಾಗ, ರಾತ್ರಿ ಅಡುಗೆಮನೆಯ ಕೆಲಸ ಬೇಗ ಮುಗಿಸಿ ಕುಳಿತವರಲ್ಲಿ ನಾನೂ ಒಬ್ಬಳು. ಅಲ್ಲಿ ನಾಯಕ ಶಿಸ್ತಿನ ಸಿಪಾಯಿ, ಸಿರಿವಂತ, ಮುಂಗೋಪಿ, ಆದರೆ ಒಳಗೆ ಬೆಣ್ಣೆ. ನಾಯಕಿ ಆ ಬೆಣ್ಣೆಯನ್ನು ಕರಗಿಸಬೇಕು. ಕತೆ ಹೇಗಾದರೂ ಇರಲಿ, ಅದರ ತಂಟೆಗೆ ನಾನು ಹೋಗುವುದಿಲ್ಲ. ಹೆಸರಿನ ಬಗ್ಗೆ ಮಾತ್ರ ಕೇಳುತ್ತೇನೆ. ಹಿಂದಿಯಲ್ಲೂ ಹಿಂದೆ ‘ಹಿಟ್ಲರ್ ದೀದಿ’ ಎಂದೊಂದು ಬಂದಿತ್ತು. ಲಕ್ಷಾಂತರ ಮನೆಗಳಲ್ಲಿ ಮಕ್ಕಳು ಮರಿಗಳ ಜೊತೆ ಕುಳಿತು ಆ ಹೆಸರನ್ನು ಕೇಳಿದ ನಮ್ಮಲ್ಲಿ ಎಷ್ಟು ಜನಕ್ಕೆ ಅದು ಚುಚ್ಚಿತು? ನಮ್ಮಲ್ಲಿ ಹಿಟ್ಲರ್ ಎಂದರೆ ಸಿಟ್ಟಿನವನು, ಹೊತ್ತಿಗೆ ಸರಿಯಾಗಿ ತಿಂಡಿ ಕೇಳುವವನು, ಇಷ್ಟೇ. ಗಡಿಯಾರ ನೋಡಿ ಊಟ ಮಾಡುವ ಗಂಡಸರೆಲ್ಲ ಹಿಟ್ಲರಾದರೆ, ಅರವತ್ತು ಲಕ್ಷ ಯಹೂದಿಗಳನ್ನು ಕೊಂದವನಿಗೆ ಬೇರೆ ಯಾವ ಹೆಸರು ಉಳಿಯಿತು?

ಇನ್ನು “ಎಲ್ಲೋ ಜರ್ಮನೀದು” ಎಂಬ ಮಾತು. ನಾವು ಆ ದಿನ ಕುಳಿತಿದ್ದ ಜಾಗದಿಂದಲೇ ಹೊರಡೋಣ. ಕೆಮ್ಮಣ್ಣುಗುಂಡಿಯ ಹೆಸರಿನಲ್ಲೇ ಕೆಂಪು ಮಣ್ಣಿದೆ, ಅಂದರೆ ಕಬ್ಬಿಣವಿದೆ. ಈ ಬೆಟ್ಟದ ಅದಿರು ರೋಪ್‌ವೇಯಲ್ಲಿ ಇಳಿದು, ತಣಿಗೆಬೈಲಿನ ಕಡೆಯಿಂದ ಸಣ್ಣ ರೈಲು ಹತ್ತಿ ಭದ್ರಾವತಿಗೆ ಹೋಗುತ್ತಿತ್ತು. 1923ರಲ್ಲಿ ಅಲ್ಲಿ ಕುಲುಮೆ ಹೊತ್ತಿದಾಗ ಅದಕ್ಕೆ ಉರಿಯಾದದ್ದು ಕಲ್ಲಿದ್ದಲಲ್ಲ, ನಮ್ಮ ಕಾಡಿನ ಮರದ ಇದ್ದಿಲು. ಕಾಫಿ ತೋಟವೊಂದರಲ್ಲಿ ರೈಟರಾಗಿದ್ದ ನಮ್ಮಪ್ಪ ಭದ್ರಾವತಿಯ ಕಾರ್ಖಾನೆಯ ಬಗ್ಗೆ, ನೆಂಟರ ಮನೆಗೆ ಕೊಟ್ಟ ಹೆಣ್ಣಿನ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಿದ್ದರು. “ನಮ್ಮ ಗುಡ್ಡ ಅಲ್ಲಿ ಹೋಗಿ ಕೂತಿದೆ” ಎನ್ನುತ್ತಿದ್ದರು. ಆ ಭದ್ರಾವತಿ ಬೆಳೆಯುತ್ತಿದ್ದ 1940ರ ದಶಕದಲ್ಲಿ, ಅಲ್ಲಿನ ಕಾರ್ಮಿಕರಿಗೆ ಹೊಸ ಊರೊಂದು ಹೇಗಿರಬೇಕು ಎಂದು ನಕ್ಷೆ ಬರೆದವನು ಯಾರು ಗೊತ್ತೇ? ಓಟೋ ಕೋನಿಗ್ಸ್‌ಬರ್ಗರ್ ಎಂಬ ಬರ್ಲಿನ್ ನಗರದ ಯಹೂದಿ. ಹಿಟ್ಲರ್ ಹೊರಗೆ ಅಟ್ಟಿದವನು. ತರೀಕೆರೆಯಲ್ಲಿ ರೈಲು ಹತ್ತಿ ಭದ್ರಾವತಿಯಲ್ಲಿ ಇಳಿಯುವಷ್ಟರಲ್ಲಿ ಒಂದು ವಾರಪತ್ರಿಕೆಯನ್ನು ಪೂರ್ತಿ ಓದಲಾಗುವುದಿಲ್ಲ, ಅಷ್ಟು ಹತ್ತಿರ. ಹಿಟ್ಲರನ ಹೆಸರು ನಮ್ಮ ಮನೆಮನೆಯಲ್ಲಿದೆ. ಈ ಹೆಸರು ಎಷ್ಟು ಮನೆಯಲ್ಲಿದೆ?

ನನಗೂ ಗೊತ್ತಿರಲಿಲ್ಲ. ಮಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಹಿರಿಯರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಓದುತ್ತಿದ್ದಾಗ ಅವಳನ್ನು ನೋಡಲು ಹೋಗಿದ್ದೆ. ಮರಗಳ ನಡುವೆ ಉದ್ದಕ್ಕೆ ಚಾಚಿದ ಒಂದು ಕಟ್ಟಡ ತೋರಿಸಿ, “ಅಮ್ಮಾ, ಇದನ್ನು ಕಟ್ಟಿಸಿದವನೇ ಭದ್ರಾವತಿ ಪ್ಲಾನನ್ನೂ ಮಾಡಿದ್ದು” ಎಂದಳು. ಆಮೇಲೆ ಅವಳೇ ಕಳಿಸಿಕೊಟ್ಟ ಪುಸ್ತಕ, ಬರಹಗಳನ್ನು ಕನ್ನಡಕ ಏರಿಸಿಕೊಂಡು ಓದಿದೆ. ಅದಕ್ಕೂ ಮೊದಲು ನೇಮಿಚಂದ್ರ ಅವರ ‘ಯಾದ್ ವಶೇಮ್’ ಓದಿದ್ದೆ. ಹಿಟ್ಲರನ ಜರ್ಮನಿಯಿಂದ ಬೆಂಗಳೂರಿಗೆ ಬಂದ ಯಹೂದಿ ಹುಡುಗಿಯ ಕತೆ, 2007ರಲ್ಲಿ ಬಂದ ಕಾದಂಬರಿ. ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ. ಆದರೆ ಕಾದಂಬರಿ ಓದಿ ಅತ್ತ ನಾನು, ಇಂಥವರು ನಿಜವಾಗಿಯೂ ನಮ್ಮ ರಾಜ್ಯಕ್ಕೆ ಬಂದಿದ್ದರು, ಇಲ್ಲಿ ದುಡಿದಿದ್ದರು ಎಂದು ಹುಡುಕಿಕೊಂಡು ಹೋಗಿರಲಿಲ್ಲ. ಕಣ್ಣೀರು ಬಂದರೆ ಕೆಲಸ ಮುಗಿಯಿತು ಎಂದುಕೊಳ್ಳುವ ಓದುಗರ ಪೈಕಿಯವಳು ನಾನು.

ಕೋನಿಗ್ಸ್‌ಬರ್ಗರ್ ಹುಟ್ಟಿದ್ದು 1908ರಲ್ಲಿ. ಬರ್ಲಿನ್‌ನಲ್ಲೇ ವಾಸ್ತುಶಿಲ್ಪ ಓದಿದ. 1933ರಲ್ಲಿ ಆ ದೇಶದ ವಾಸ್ತುಶಿಲ್ಪಿಗಳಿಗೆ ಕೊಡುವ ಷಿಂಕೆಲ್ ಬಹುಮಾನ ಬಂತು. ಅದೇ ವರ್ಷ, ಯಹೂದಿ ಎಂಬ ಕಾರಣಕ್ಕೆ, ಸರ್ಕಾರಿ ಕೆಲಸ ಹೋಯಿತು. ಇಪ್ಪತ್ತೈದು ವರ್ಷದ ಹುಡುಗ. ನಮ್ಮ ಮನೆಗಳಲ್ಲಿ ಆ ವಯಸ್ಸಿನ ಮಗನಿಗೆ ಬಹುಮಾನ ಬಂದರೆ ಊರಿಗೆಲ್ಲ ಲಾಡು ಹಂಚುತ್ತೇವೆ. ಅಲ್ಲಿಂದ ಈಜಿಪ್ಟಿಗೆ ಹೋಗಿ, ಹಳೆಯ ಕಾಲದ ಈಜಿಪ್ಟಿನವರು ಬಾಗಿಲನ್ನು ಹೇಗೆ ಮಾಡುತ್ತಿದ್ದರು ಎಂಬುದರ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದ. ತನ್ನ ಮನೆಯ ಬಾಗಿಲನ್ನೇ ಮುಚ್ಚಿಸಿಕೊಂಡವನು ಬಾಗಿಲ ಮೇಲೆ ಗ್ರಂಥ ಬರೆದ! 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾದ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅವರ ಅಜ್ಜ ಅಲಿ ಅಸ್ಕರ್ ಇರಾನಿನ ಶಿರಾಜ್‌ನಿಂದ ಕುದುರೆ ಮಾರಲು ಬೆಂಗಳೂರಿಗೆ ಬಂದು ನೆಲೆನಿಂತವರು. ಹಿಂದೂ ಮಹಾರಾಜರ ರಾಜ್ಯ, ವಲಸೆ ಬಂದ ಮುಸಲ್ಮಾನರ ಮೊಮ್ಮಗ ದಿವಾನ, ಓಡಿಬಂದ ಯಹೂದಿ ಕಟ್ಟಡಗಾರ. ಇದನ್ನು ಈಗ ಯಾರಾದರೂ ಧಾರಾವಾಹಿ ಮಾಡಿದರೆ “ಸ್ವಲ್ಪ ಜಾಸ್ತಿಯಾಯಿತು” ಎನ್ನುತ್ತೇವೆ.

ಅವನ ನಕ್ಷೆಗಳಲ್ಲಿ ನನಗೆ ಹಿಡಿಸಿದ್ದು ಒಂದು ಲೆಕ್ಕ. ಊರನ್ನು ಸಣ್ಣ ಸಣ್ಣ ನೆರೆಹೊರೆಗಳಾಗಿ ಕಟ್ಟಬೇಕು. ಮಗು ದೊಡ್ಡ ರಸ್ತೆ ದಾಟದೆ ನಡೆದೇ ಶಾಲೆಗೆ ಹೋಗಬೇಕು. ಮನೆಯಾಕೆ ತರಕಾರಿಗೆ ಬಹಳ ದೂರ ಹೋಗಬಾರದು. ಮುಂದೆ ಒಡಿಶಾದ ಭುವನೇಶ್ವರಕ್ಕೆ ನಕ್ಷೆ ಬರೆದಾಗಲೂ ಇದೇ ಲೆಕ್ಕ. ಎರಡು ಕೈಯಲ್ಲೂ ಚೀಲ ಹಿಡಿದು, ಮೇಲಿನಿಂದ ಮಗುವೊಂದನ್ನು ಸೆರಗಿಗೆ ಕಟ್ಟಿಕೊಂಡು ಬಸ್ ಸ್ಟ್ಯಾಂಡ್ ರಸ್ತೆ ದಾಟಿದವರಿಗೆ ಆ ಲೆಕ್ಕದ ಬೆಲೆ ಗೊತ್ತಾಗುತ್ತದೆ. ನಕ್ಷೆಯಂತೆಯೇ ಬೆಳೆದು ನಿಂತ ಊರು ಈ ದೇಶದಲ್ಲಿ ಯಾವುದಿದೆ, ಅದು ಬಿಡಿ. 1948ರಲ್ಲಿ ಭಾರತ ಸರ್ಕಾರ ಅವನನ್ನು ದೆಹಲಿಗೆ ಕರೆದು ವಸತಿ ವಿಭಾಗದ ನಿರ್ದೇಶಕನನ್ನಾಗಿ ಮಾಡಿತು. ದೇಶ ಒಡೆದು ಬಂದ ಲಕ್ಷಾಂತರ ನಿರಾಶ್ರಿತರಿಗೆ ಸೂರು ಕಟ್ಟುವ ಕಾಲ. ಒಬ್ಬ ನಿರಾಶ್ರಿತನಿಗೇ ಆ ಕೆಲಸ ಬಂತು. ಕಾರ್ಖಾನೆಯಲ್ಲಿ ಗೋಡೆ ಎರಕಹೊಯ್ದು ತಂದು ಜೋಡಿಸುವ ಅವನ ಮನೆಗಳ ಯೋಜನೆ ಸೋತಿತು. ಅವನೇನು ದೇವರಲ್ಲ. 1951ರಲ್ಲಿ ಲಂಡನ್‌ಗೆ ಹೋಗಿ, ಬಿಸಿಲು ಮಳೆಯ ನಾಡುಗಳಲ್ಲಿ ಮನೆ ಹೇಗೆ ಕಟ್ಟಬೇಕೆಂದು ಮುಂದೆ ಎಷ್ಟೋ ವರ್ಷ ಪಾಠ ಹೇಳಿದ. ಆ ವಿಷಯದ ಅವನ ಪುಸ್ತಕ 1974ರಲ್ಲಿ ಬಂತು. 1999ರಲ್ಲಿ, ತೊಂಬತ್ತು ತುಂಬಿದ ಮೇಲೆ ತೀರಿಕೊಂಡ. ಬಿಸಿಲಿಗೆ ಚಾವಣಿ ಎಷ್ಟು ಮುಂದೆ ಚಾಚಬೇಕು, ಗಾಳಿಗೆ ಕಿಟಕಿ ಎಲ್ಲಿರಬೇಕು ಎನ್ನುವುದನ್ನು ಆ ಚಳಿದೇಶದ ಹುಡುಗ ಮೊದಲು ಈಜಿಪ್ಟಿನಲ್ಲಿ, ಆಮೇಲೆ ನಮ್ಮ ನೆಲದಲ್ಲಿ ಕಲಿತ.

ಇಷ್ಟು ಹೇಳಿ ನಿಲ್ಲಿಸಿದರೆ ನಮಗೆಲ್ಲ ಹೆಮ್ಮೆಯಾಗುತ್ತದೆ. “ನೋಡಿ, ನಾವು ಕನ್ನಡಿಗರು ಎಷ್ಟು ಉದಾರಿಗಳು” ಎಂದು ಎದೆ ಉಬ್ಬಿಸಬಹುದು. ಅದಕ್ಕೇ ಅವನ ಸೋದರಮಾವನ ಕತೆಯನ್ನೂ ಹೇಳಬೇಕು.

ಮಾವನ ಹೆಸರು ಮ್ಯಾಕ್ಸ್ ಬಾರ್ನ್. ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ. 1933ರ ಏಪ್ರಿಲ್ 7ರಂದು ಹಿಟ್ಲರನ ಸರ್ಕಾರ ಯಹೂದಿಗಳನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾನೂನು ತಂದಿತು. ಅದೇ ತಿಂಗಳು ಬಾರ್ನ್ ಕೂಡ ಕೆಲಸದಿಂದ ಹೊರಗಾದ. ಅವನು ಕ್ರೈಸ್ತನಾಗಿ ಎಷ್ಟೋ ವರ್ಷವಾಗಿತ್ತು, ಅದು ಲೆಕ್ಕಕ್ಕೆ ಬರಲಿಲ್ಲ. ಅಜ್ಜ ಅಜ್ಜಿಯರು ಯಾರು ಎನ್ನುವುದೇ ಪ್ರಶ್ನೆ. (“ನೀವು ಯಾವ ಪೈಕಿ?” ಎಂದು ಕೇಳಿ ಅಭ್ಯಾಸವಿರುವ ನಮಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.) ಸಿ.ವಿ. ರಾಮನ್ ಅವರ ಕರೆಯ ಮೇಲೆ ಬಾರ್ನ್ ತನ್ನ ಹೆಂಡತಿ ಹೆಡಿಯ ಜೊತೆ ಬೆಂಗಳೂರಿಗೆ ಬಂದು 1935–36ರಲ್ಲಿ ಸುಮಾರು ಆರು ತಿಂಗಳು ಇದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳಿದ. ಇವನನ್ನು ಇಲ್ಲೇ ಉಳಿಸಿಕೊಳ್ಳಬೇಕೆಂದು ರಾಮನ್ ಪಟ್ಟುಹಿಡಿದರು. ಅದಕ್ಕಾಗಿ ಸಭೆ ಸೇರಿತು. ಆ ಸಭೆಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕನೊಬ್ಬ ಎದ್ದು ನಿಂತು, ತನ್ನ ದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದನೆಂದು ಬಾರ್ನ್ ತನ್ನ ಆತ್ಮಕತೆಯಲ್ಲಿ ಬರೆದಿದ್ದಾನೆ. ಬಾರ್ನ್ ಅಲ್ಲೇ ಕುಳಿತಿದ್ದ. ಮನೆಗೆ ಬಂದು ಹೆಡಿಯ ಮುಂದೆ ಅತ್ತುಬಿಟ್ಟನಂತೆ. ಐವತ್ತು ದಾಟಿದ ಗಂಡಸು. ಕೆಲಸ ಸಿಗಲಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋದ. 1954ರಲ್ಲಿ ಆ ಎರಡನೇ ದರ್ಜೆಯವನಿಗೆ ನೊಬೆಲ್ ಬಹುಮಾನ ಬಂತು.

ಓಡಿಸಿದವನ ಮೇಲೆ ಬರಬೇಕಾದ ಸಿಟ್ಟು ಓಡಿಸಿಕೊಂಡವನ ಮೇಲೆ ಬಂದದ್ದನ್ನು ಗಮನಿಸಿ. “ಅಲ್ಲಿಂದ ಹೊರಗೆ ಹಾಕಿದ್ದಾರೆ ಎಂದರೆ ಏನೋ ಇರಬೇಕು.” ಗಂಡನ ಮನೆಯಿಂದ ಹೊರಬಿದ್ದು ತವರಿನ ಬಾಗಿಲಿಗೆ ಬಂದ ಹೆಣ್ಣಿಗೆ ನಾವು ಹೇಳುವ ಮಾತು ಇದೇ ಅಲ್ಲವೇ? ಮಾತಾಡಿದವನು ಇಂಗ್ಲಿಷಿನವನು ಎಂದು ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ. ಆ ಮಾತು ನಮ್ಮ ಬಾಯಲ್ಲೂ ಇದೆ. ಆ ಸಂಸ್ಥೆಯ ಮರಗಳ ನಡುವೆಯೇ ಕೆಲವು ವರ್ಷಗಳ ನಂತರ, ಹೊರಗೆ ಹಾಕಿಸಿಕೊಂಡ ಮಾವನ ಸೋದರಳಿಯ ವಿಮಾನ ವಿಜ್ಞಾನದ ವಿಭಾಗಕ್ಕೆ, ಲೋಹಶಾಸ್ತ್ರದ ವಿಭಾಗಕ್ಕೆ ಕಟ್ಟಡ ಎಬ್ಬಿಸಿದ. ಎಂಥ ಮನಸ್ಸಿನಿಂದ ಎಬ್ಬಿಸಿರಬಹುದು ಎಂದು ಮಗಳ ಜೊತೆ ನಡೆಯುವಾಗ ಯೋಚಿಸಿದ್ದೆ.

ನನ್ನ ಗೆಳತಿಯ ಇನ್ನೊಂದು ವಾದ, “ಹಿಟ್ಲರ್ ಕೊಂದದ್ದು ತಪ್ಪು, ಆದರೆ ಶಿಸ್ತು ತಂದನಲ್ಲ?” ಈ ಶಿಸ್ತು ಏನು ಎಂದು ಸ್ವಲ್ಪ ನೋಡೋಣ. ನಮ್ಮ ಮನಸ್ಸಿನಲ್ಲಿ ಹಿಟ್ಲರ್ ಎಂದರೆ ಟ್ಯಾಂಕು, ಬಾಂಬು, ಮುಳ್ಳುತಂತಿ. ಅದೆಲ್ಲ ಕೊನೆಗೆ ಬಂತು. ಮೊದಲು ಬಂದದ್ದು ಅಂಗಡಿ ಬೀದಿಗೆ. 1933ರ ಏಪ್ರಿಲ್ 1ರಂದು ಯಹೂದಿಗಳ ಅಂಗಡಿಗಳ ಮುಂದೆ ಕಾವಲು ನಿಂತು, ಒಳಗೆ ಹೋಗಬೇಡಿ ಎಂದರು. ಅಂಗಡಿಗೆ ಹೋಗುವವರು ಯಾರು? ನಮ್ಮಂಥ ಹೆಂಗಸರೇ. ವರ್ಷಗಟ್ಟಲೆ ಅದೇ ಅಂಗಡಿಯಲ್ಲಿ ಬಟ್ಟೆ ತೆಗೆದವರು, ಅಂಗಡಿಯವನ ಮಕ್ಕಳ ಹೆಸರು ಗೊತ್ತಿದ್ದವರು, ಕಾವಲಿನವನ ಮುಖ ನೋಡಿ ಪಕ್ಕದ ಅಂಗಡಿಗೆ ನಡೆದರು. 1935ರಲ್ಲಿ ಬಂದ ಕಾನೂನು ಅಡುಗೆಮನೆಯೊಳಗೇ ಬಂತು. ಯಹೂದಿಗೂ ಜರ್ಮನರಿಗೂ ಮದುವೆ ಕೂಡದು. ಯಹೂದಿ ಮನೆಯಲ್ಲಿ ನಲವತ್ತೈದು ವರ್ಷದೊಳಗಿನ ಜರ್ಮನ್ ಹೆಂಗಸು ಮನೆಗೆಲಸಕ್ಕೆ ಇರಕೂಡದು. ಯುದ್ಧ ಶುರುವಾದ ಮೇಲೆ ಅವರ ರೇಡಿಯೋ ಕಿತ್ತುಕೊಂಡರು. 1940ರಲ್ಲಿ ಬರ್ಲಿನ್‌ನ ಯಹೂದಿಗಳು ಸಾಮಾನು ತರಲು ಅಂಗಡಿಗೆ ಹೋಗಬಹುದಾದ ಹೊತ್ತು ಸಂಜೆ 4ರಿಂದ 5. ಒಂದೇ ಗಂಟೆ. ಅಷ್ಟು ಹೊತ್ತಿಗೆ ಅಂಗಡಿಯಲ್ಲಿ ಏನು ಉಳಿದಿರುತ್ತದೆ ಎಂದು ಸಂಜೆಯ ಸಂತೆಗೆ ಹೋದ ಯಾವ ಹೆಂಗಸನ್ನಾದರೂ ಕೇಳಿ. 1942ರಲ್ಲಿ ಮನೆಯಲ್ಲಿ ನಾಯಿ, ಬೆಕ್ಕು ಸಾಕಕೂಡದು ಎಂದರು. ಇಷ್ಟು ಸಣ್ಣ ಸಂಗತಿಯನ್ನೂ ಕುಳಿತು ಯೋಚಿಸಿ, ಬರೆದು, ಟೈಪು ಮಾಡಿ, ಸಹಿ ಹಾಕಿದ ಗುಮಾಸ್ತರಿದ್ದರು. ಅವರೆಲ್ಲ ಏಳು ಗಂಟೆಗೆ ಸರಿಯಾಗಿ ತಿಂಡಿ ತಿಂದು ಆಫೀಸಿಗೆ ಹೋಗಿರಬೇಕು.

ಹೆಸರನ್ನೂ ಬಿಡಲಿಲ್ಲ. 1939ರ ಜನವರಿಯಿಂದ, ಹೆಸರು ಕೇಳಿದೊಡನೆ ಯಹೂದಿ ಎಂದು ತಿಳಿಯದಿದ್ದರೆ, ಹೆಂಗಸರೆಲ್ಲ ತಮ್ಮ ಹೆಸರಿಗೆ ‘ಸಾರಾ’ ಎಂದು, ಗಂಡಸರು ‘ಇಸ್ರಾಯೇಲ್’ ಎಂದು ಸೇರಿಸಿಕೊಳ್ಳಬೇಕಾಯಿತು. ತಾಯಿ ಮುದ್ದಿನಿಂದ ಇಟ್ಟ ಹೆಸರು ಏನೇ ಇರಲಿ, ಕಚೇರಿಯಲ್ಲಿ ಅವಳು ಸಾರಾ, ಪಕ್ಕದವಳೂ ಸಾರಾ. ನಮ್ಮಲ್ಲೂ ಕೆಲವು ಮನೆಗಳಲ್ಲಿ ಮದುವೆಯ ದಿನ ಅಕ್ಕಿಯ ಮೇಲೆ ಉಂಗುರದಲ್ಲಿ ಹೊಸ ಹೆಸರು ಬರೆಸುತ್ತಾರೆ. ನಮ್ಮ ಅತ್ತೆಗೂ ಹಾಗೇ ಹೆಸರು ಬದಲಾಗಿತ್ತು. ಕೊನೆಗಾಲದಲ್ಲಿ ಅರೆಮರೆವಿನಲ್ಲಿ ಅವರು ಓಗೊಟ್ಟದ್ದು ಹುಟ್ಟಿದ ಹೆಸರಿಗೆ ಮಾತ್ರ. ಇದನ್ನೂ ಅದನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಹೆಸರು ಹೋಗುವುದು ಎಂದರೇನು ಎಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ ಎನ್ನುತ್ತಿದ್ದೇನೆ, ಅಷ್ಟೆ.

ಈಗ ನನ್ನ ಮನೆಯ ಮಾತು. ಇದನ್ನು ಜೀಪಿನಲ್ಲಿ ಹೇಳಲು ಧೈರ್ಯವಾಗಲಿಲ್ಲ. ಮೂವತ್ತು ವರ್ಷದ ಹಿಂದೆ ನಮ್ಮ ಮನೆಯ ಮಹಡಿ ಖಾಲಿ ಇತ್ತು. ಊರಿಗೆ ಹೊಸದಾಗಿ ಬಂದ ನರ್ಸ್ ಒಬ್ಬಳು ಬಾಡಿಗೆಗೆ ಕೇಳಿಕೊಂಡು ಬಂದಳು. ಇಪ್ಪತ್ತೆಂಟು, ಮೂವತ್ತರ ಹುಡುಗಿ, ಕೈಯಲ್ಲೊಂದು ಛತ್ರಿ, ಜೊತೆಗೆ ವಯಸ್ಸಾದ ತಾಯಿ. ನಾನು ಮೇಲೆ ಕರೆದುಕೊಂಡು ಹೋಗಿ ತೋರಿಸಿದೆ. ಅವಳಿಗೆ ಹಿಡಿಸಿತು, ಕಿಟಕಿಯಿಂದ ಬೆಟ್ಟ ಕಾಣುತ್ತದೆ ಎಂದು ತಾಯಿಗೆ ತೋರಿಸಿದಳು. ಕೆಳಗೆ ಬಂದಾಗ ಅತ್ತೆ ಹೆಸರು ಕೇಳಿದರು. ಅವಳು ಹೇಳಿದಳು. ಮುಸಲ್ಮಾನರ ಹೆಸರು. ಅತ್ತೆ ಸಿಟ್ಟಾಗಲಿಲ್ಲ. ಬಹಳ ಮೃದುವಾಗಿ, “ಅಯ್ಯೋ, ನಿನ್ನೆ ತಾನೇ ಒಬ್ಬರಿಗೆ ಮಾತು ಕೊಟ್ಟುಬಿಟ್ಟೆವಲ್ಲಮ್ಮ” ಎಂದರು. ಕುಡಿಯಲು ಮಜ್ಜಿಗೆಯನ್ನೂ ಕೊಡಿಸಿದರು. ನಾನು ಲೋಟ ತಂದು ಕೊಟ್ಟೆ. ಯಾರಿಗೂ ಮಾತು ಕೊಟ್ಟಿರಲಿಲ್ಲ ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಾಯಿತು ಎಂದು ಅವಳು ಛತ್ರಿ ತೆಗೆದುಕೊಂಡ ರೀತಿಯಲ್ಲೇ ತಿಳಿಯಿತು. ಮಹಡಿ ಮತ್ತೆ ನಾಲ್ಕು ತಿಂಗಳು ಖಾಲಿ ಇತ್ತು. ಅತ್ತೆಯನ್ನು ಹಿಟ್ಲರ್ ಎಂದು ಕಾಗದ ಬರೆಯುತ್ತಿದ್ದ ನಾನು ಆ ದಿನದ ಬಗ್ಗೆ ಅಕ್ಕನಿಗೆ ಒಂದು ಸಾಲೂ ಬರೆಯಲಿಲ್ಲ. ಹೊತ್ತಿಗೆ ಸರಿಯಾಗಿ ಕಾಫಿ ಕೇಳುವುದು ನನಗೆ ದಬ್ಬಾಳಿಕೆಯಾಗಿ ಕಂಡಿತ್ತು. ಬಾಗಿಲಿಗೆ ಬಂದವಳನ್ನು ಹೆಸರು ಕೇಳಿ ಕಳಿಸಿದ್ದು ಮನೆಯ ರೀತಿಯಾಗಿ ಕಂಡಿತ್ತು. ಅತ್ತೆಯ ಮೇಲೆ ಹೊರಿಸಿ ನಾನು ಪಾರಾಗುವುದಿಲ್ಲ. ಲೋಟ ಹಿಡಿದ ಕೈ ನನ್ನದು.

ಇದನ್ನು ಓದಿ, “ಹಾಗಾದರೆ ಬಾಡಿಗೆ ಕೊಡದವರೆಲ್ಲ ಹಿಟ್ಲರೇ?” ಎಂದು ಯಾರಾದರೂ ಕೇಳಿದರೆ, ಇಲ್ಲ. ಆ ಹೆಸರನ್ನು ಕಂಡಕಂಡವರಿಗೆ ಹಚ್ಚಬೇಡಿ ಎನ್ನಲು ತಾನೇ ಇಷ್ಟೆಲ್ಲ ಬರೆಯುತ್ತಿರುವುದು. ಜೀಪಿನಲ್ಲೇ ಇನ್ನೊಬ್ಬರು, ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳನ್ನು ಎಬ್ಬಿಸಿದ್ದನ್ನು ತೆಗೆದು, “ನಮ್ಮ ಜನಕ್ಕೂ ಅದೇ ಆಗಲಿಲ್ಲವೇ?” ಎಂದರು. ಅಲ್ಲ. 2001–02ರ ಸುಮಾರಿಗೆ ಆ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಕಾಡು ಬಿಟ್ಟು, ಹೆಚ್ಚಿನವರು ನಮ್ಮ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಬಂದರು. ಬದಲಿಗೆ ಜಮೀನು ಕೊಟ್ಟರು, ಮನೆ ಕಟ್ಟಿಕೊಳ್ಳಲು ಜಾಗ ಕೊಟ್ಟರು. ಹಳೆಯ ಮನೆಯ ಅಂಗಳ, ಭೂತರಾಯನ ಕಲ್ಲು ಬಿಟ್ಟು ಬಂದವರ ದುಃಖ ದೊಡ್ಡದೇ. ಅದನ್ನು ಅದರ ಹೆಸರಿನಿಂದಲೇ ಹೇಳೋಣ. ಎಲ್ಲ ನೋವನ್ನೂ ಆ ಒಂದು ಹೆಸರಿಗೆ ಗಂಟುಹಾಕಿದರೆ ನೋವಿಗೂ ನ್ಯಾಯವಿಲ್ಲ, ಆ ಹೆಸರಿನ ಭಯವೂ ಉಳಿಯುವುದಿಲ್ಲ. ಯಹೂದಿಗಳ ಸಂಕಟವನ್ನು ಎತ್ತಿಕೊಂಡು ಇಂದು ಇನ್ನೊಂದು ಜನದ ಮೇಲೆ ಕಲ್ಲೆಸೆಯುವ ಭಾಷಣಕಾರರೂ ಇದ್ದಾರೆ. ಅವರ ಚಪ್ಪಾಳೆಗೂ ನನ್ನ ಕೈ ಸೇರುವುದಿಲ್ಲ.

“ನಿಮ್ಮ ಆ ಕೋನಿಗ್ಸ್‌ಬರ್ಗರ್ ಶಿಬಿರವನ್ನೇ ನೋಡಲಿಲ್ಲ, ಯುದ್ಧಕ್ಕೆ ಮೊದಲೇ ತಪ್ಪಿಸಿಕೊಂಡ, ಆರಾಮಾಗಿ ಮೈಸೂರಿನಲ್ಲಿದ್ದ” ಎನ್ನಬಹುದು. ನಿಜ. ಆದರೆ ಉಳಿದವರು ಉಳಿದದ್ದು ಹೇಗೆ? 1933ರಲ್ಲಿ ಬರ್ಲಿನ್ ಒಂದರಲ್ಲೇ ಸುಮಾರು 1,60,000 ಯಹೂದಿಗಳಿದ್ದರು. ಹೊರಗೆ ಹೋಗಲು ದಾರಿ ಸಿಕ್ಕವರು ಹೋದರು. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್ ಎಂಬಲ್ಲಿ 32 ದೇಶಗಳು ಸೇರಿ ಈ ನಿರಾಶ್ರಿತರಿಗೆ ಏನು ಮಾಡುವುದೆಂದು ಚರ್ಚಿಸಿದವು. ಹೆಚ್ಚಿನವು ಮರುಕ ಪಟ್ಟವು, ಬಾಗಿಲು ತೆರೆಯಲಿಲ್ಲ. “ನಿನ್ನೆ ತಾನೇ ಒಬ್ಬರಿಗೆ ಮಾತು ಕೊಟ್ಟುಬಿಟ್ಟೆವಲ್ಲಮ್ಮ.” 1941ರ ಅಕ್ಟೋಬರ್ 18ರಂದು ಬರ್ಲಿನ್‌ನ ಗ್ರುನೆವಾಲ್ಡ್ ನಿಲ್ದಾಣದಿಂದ ಯಹೂದಿಗಳನ್ನು ಪೂರ್ವಕ್ಕೆ ಸಾಗಿಸುವ ಮೊದಲ ರೈಲು ಹೊರಟಿತು. ಮುಂದಿನ ತಿಂಗಳು, ಹೊರದೇಶಗಳಲ್ಲಿದ್ದ ಯಹೂದಿಗಳ ಜರ್ಮನ್ ಪೌರತ್ವವನ್ನೇ ರದ್ದು ಮಾಡಿದರು. ಕೋನಿಗ್ಸ್‌ಬರ್ಗರ್ ಬೆಂಗಳೂರಿನಲ್ಲಿ ನಕ್ಷೆಯ ಹಲಗೆಯ ಮುಂದೆ ಕೂತಿದ್ದಾಗ ಅವನು ಹುಟ್ಟಿದ ಊರಿನ ನಿಲ್ದಾಣದಲ್ಲಿ ಇದು ನಡೆಯುತ್ತಿತ್ತು. ಬದುಕುಳಿಯುವುದು ಎಂದರೆ ಕೈಯಲ್ಲಿ ಪೆನ್ಸಿಲ್ ಹಿಡಿದು, ಬೇರೆಯವರಿಗಾಗಿ, ಶಾಲೆಗೆ ಮಗು ನಡೆಯಬೇಕಾದ ದೂರವನ್ನು ಅಳೆಯುತ್ತ ಕೂರುವುದೂ ಆಗಿರಬಹುದು.

ನನಗೆ ಹೆಚ್ಚು ಕಾಡುವುದು ಬೇರೆ. ಅವನಿಗೆ ನಕ್ಷೆ ಬರೆಯಲು ಬರುತ್ತಿತ್ತು. ಸಂಸ್ಥಾನಕ್ಕೆ ಅಂಥವನು ಬೇಕಿತ್ತು. ಅದಕ್ಕೆ ಬಾಗಿಲು ತೆರೆಯಿತು. ಬರ್ಲಿನ್‌ನಲ್ಲಿ ಗುಂಡಿ ಹೊಲಿದು ಬದುಕುತ್ತಿದ್ದ ಒಬ್ಬ ವಿಧವೆಗೆ, ಮಂಡಿನೋವಿನ ಮುದುಕಿಗೆ, ಪಿಯಾನೋ ಬಿಟ್ಟು ಬೇರೇನೂ ಬಾರದ ಹುಡುಗಿಗೆ ಯಾವ ದಿವಾನ ಕಾಗದ ಬರೆಯಬೇಕಿತ್ತು? ಉಪಯೋಗಕ್ಕೆ ಬರುವವರನ್ನು ಮಾತ್ರ ಒಳಗೆ ಕರೆಯುವುದಾದರೆ ನಮ್ಮ ಮಹಡಿಗೆ ಬಂದಿದ್ದ ನರ್ಸ್ ಪಾಸಾಗುತ್ತಿದ್ದಳು, ಅವಳ ತಾಯಿ ಫೇಲಾಗುತ್ತಿದ್ದಳು. ಕೋನಿಗ್ಸ್‌ಬರ್ಗರನ ಕಟ್ಟಡಗಳನ್ನು ತೋರಿಸಿ “ನೋಡಿ, ಇವನನ್ನು ಸೇರಿಸಿಕೊಂಡದ್ದರಿಂದ ನಮಗೆ ಎಷ್ಟು ಲಾಭವಾಯಿತು” ಎನ್ನುವ ವಾದವನ್ನು ನಾನೂ ಮೊದಲು ಮಾಡುತ್ತಿದ್ದೆ. ಈಗ ಮಾಡುವುದಿಲ್ಲ. ಏನೂ ಕಟ್ಟದಿದ್ದರೂ ಅವನು ಬದುಕಬೇಕಿತ್ತು.

ಜಲಪಾತದಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ನೀರು ಎರಡು ಮಜಲಿನಲ್ಲಿ ಬೀಳುವ ಸದ್ದಿಗೆ ಮಾತು ಬೇಕಾಗಿಯೂ ಇರಲಿಲ್ಲ. ಎಲ್ಲರೂ ಸೀರೆ ಎತ್ತಿಕಟ್ಟಿ ನೀರಿಗಿಳಿದರು, ಫೋಟೋ ತೆಗೆಸಿಕೊಂಡರು, ಚಿತ್ರಾನ್ನ ತಣ್ಣಗಾಗಿದ್ದರೂ ಡಬ್ಬಿ ಖಾಲಿಯಾಯಿತು. ವಾಪಸು ಜೀಪಿಗೆ ಹತ್ತುವಾಗ ಅವರು ನನ್ನ ಕಾಲು ನೋಡಿ, “ಅಕ್ಕ, ತಡೀರಿ, ಇಂಬಳ” ಎಂದರು. ತಾವೇ ಬಗ್ಗಿ, ಉಪ್ಪು ಹಾಕಿ ಬಿಡಿಸಿ, ರಕ್ತ ನಿಲ್ಲಲು ಕರ್ಚೀಫು ಒತ್ತಿ ಹಿಡಿದರು. ಸ್ವಲ್ಪ ದೂರ ಹೋದ ಮೇಲೆ, ಬೆಳಿಗ್ಗೆ ಮಾತು ಶುರುಮಾಡಿದಾಕೆ ಮೆಲ್ಲಗೆ ಕೇಳಿದರು:

“ಸರಿ ಕಣಕ್ಕ, ಹಿಟ್ಲರ್ ಅನ್ನಲ್ಲ. ಇನ್ಮೇಲೆ ನಮ್ಮನೆಯವರನ್ನ ಏನಂತ ಕರೀಲಿ ಹೇಳಿ?”

“ಅವರಿಗೊಂದು ಹೆಸರಿದೆಯಲ್ಲ, ಅದನ್ನೇ ಹಿಡಿದು ಕರೀರಿ.”

“ಅಯ್ಯಯ್ಯೋ!” ಎಂದು ಆಕೆ ಎರಡೂ ಕೈಯಲ್ಲಿ ಕೆನ್ನೆ ಬಡಿದುಕೊಂಡರು. ಮುಂದಿನ ಸೀಟಿನವರೂ ತಿರುಗಿ ನೋಡಿ ನಕ್ಕುಬಿಟ್ಟರು.